ಬಣ್ಣ ಬಳಿದ ಮಾತ್ರಕ್ಕೆ ದೋಣಿ ರಿಪೇರಿಯಾಗುವುದಿಲ್ಲ

ಮಾನ್ಯ ಸಂಪಾದಕರೇ,

ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ಮಗುಚಿ ಬಿದ್ದಿರುವ ಹಳೆಯ ಫೈಬರ್ ದೋಣಿಗಳನ್ನು ಗುಜರಿಗೆ ಹಾಕುವ ಮಾತು ನಮ್ಮ ಕಡೆ ಬೇಸಿಗೆ ಬಂದಾಗಲೆಲ್ಲ ಏಳುತ್ತದೆ. ಈ ಸಲವೂ ಎದ್ದಿದೆ. ನಾನು ಹುಲಿಗಿಯ ಬಡಿಗ. ಬಾಗಿಲು, ಕಿಟಕಿ, ಚಕ್ಕಡಿ ಮಾಡುತ್ತಲೇ ತಲೆ ನರೆತವನು. ಹನ್ನೆರಡು ವರ್ಷಗಳಿಂದ ಮೀನುಗಾರರ ದೋಣಿಗಳನ್ನೂ ದುರಸ್ತಿ ಮಾಡುತ್ತಿದ್ದೇನೆ. ಹೊರಮೈ ನೋಡಿ ದೋಣಿಯನ್ನು ಗುಜರಿಗೆ ಹಾಕಬಾರದು, ಹೊರಮೈ ನೋಡಿ ರಿಪೇರಿಯ ಬಿಲ್ಲನ್ನೂ ಪಾಸು ಮಾಡಬಾರದು ಎಂಬುದಷ್ಟೇ ನನ್ನ ಅಹವಾಲು. ಎರಡಕ್ಕೂ ಮೊದಲು ನೆಲಹಾಸು ಬಿಚ್ಚಿ ಒಳಗಿನ ತೊಲೆಗಳನ್ನು ನೋಡಬೇಕು.

ಫೈಬರ್ ದೋಣಿ ಎಂದರೆ ಪೂರ್ತಿ ಫೈಬರ್ ಎಂದೇ ಬಹಳ ಜನ ತಿಳಿದಿದ್ದಾರೆ. ಹಳೆಯ ದೋಣಿಗಳಲ್ಲಿ ಹೆಚ್ಚಿನವು ಹಾಗಿಲ್ಲ. ಹೊರಚಿಪ್ಪು ಮಾತ್ರ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್ (ಬಳಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಸೇರಿಸಿ ಮಾಡಿದ್ದು. ಒಳಗೆ ಮೂತಿಯಿಂದ ಹಿಂಬದಿಯವರೆಗೆ ಉದ್ದ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಕೊನೆಯಲ್ಲಿ ಮೋಟಾರು ಕೂರಿಸುವ ದಪ್ಪ ಹಲಗೆ. ಈ ಮೂರೂ ಮರದವು, ಇಲ್ಲವೇ ಪ್ಲೈವುಡ್ಡಿನವು. ಮೇಲೆ ಗಾಜಿನ ನಾರಿನ ಹೊದಿಕೆ ಇರುವುದರಿಂದ ಮರ ಕಾಣುವುದಿಲ್ಲ. ಮನೆಗೆ ತೊಲೆ ಜಂತಿಗಳಿದ್ದಂತೆ ದೋಣಿಗೆ ಇವು. ಚಿಪ್ಪು ನೀರನ್ನು ತಡೆಯುತ್ತದೆ, ಚಿಪ್ಪು ಬಾಗದಂತೆ ತೊಲೆಗಳು ತಡೆಯುತ್ತವೆ. ಚಿಪ್ಪು ಕೊಳೆಯುವುದಿಲ್ಲ. ಆದರೆ ಆಸನಕ್ಕೋ ಹಗ್ಗದ ಕೊಂಡಿಗೋ ಹೊಡೆದ ಒಂದು ಸ್ಕ್ರೂ ತೂತಿನಿಂದ ಹನಿಹನಿಯಾಗಿ ಇಳಿದ ನೀರು ಮರಕ್ಕೆ ಸೇರಿಬಿಟ್ಟರೆ ಮತ್ತೆ ಹೊರಬರಲು ದಾರಿಯೇ ಇಲ್ಲ. ಸುತ್ತಲೂ ಹೊದಿಕೆ. ಬಿಸಿಲಿಲ್ಲ, ಗಾಳಿಯಿಲ್ಲ. ಮರ ಒಳಗೊಳಗೇ ಕೊಳೆಯುತ್ತದೆ.

ಎರಡು ವರ್ಷಗಳ ಹಿಂದೆ ನಾಲ್ವರು ಮೀನುಗಾರರು ಕೂಡಿ ಇಟ್ಟುಕೊಂಡಿದ್ದ ಹದಿನೆಂಟು ಅಡಿ ದೋಣಿಯನ್ನು ನೋಡಲು ನನ್ನನ್ನು ಕರೆದರು. ಹಿಂದಿನ ವರ್ಷವಷ್ಟೇ ಒಬ್ಬ ಗುತ್ತಿಗೆದಾರನಿಂದ ರಿಪೇರಿ ಮಾಡಿಸಿದ್ದರು. ನೀಲಿ ಬಣ್ಣ ಇನ್ನೂ ಹೊಳೆಯುತ್ತಿತ್ತು. ಮೋಟಾರು ಚಾಲೂ ಮಾಡಿದರೆ ಮಾತ್ರ ಹಿಂಬದಿ ಹಲಗೆ ನಡುಗುತ್ತಿತ್ತು, ನೆಲಹಾಸಿನ ಮೇಲೆ ಕಾಲಿಟ್ಟರೆ ಒಳಕ್ಕೆ ಜಗ್ಗುತ್ತಿತ್ತು. ಅವರಲ್ಲಿ ಹಿರಿಯನಾದವನು, ‘ಕಾಕಾ, ಇದು ಮುಗಿಯಿತು. ಮಾರಿಬಿಡುತ್ತೇವೆ, ಬೆಲೆ ಎಷ್ಟು ಬರಬಹುದು ಹೇಳಿ’ ಎಂದ. ನಾನು ಸಣ್ಣ ಸುತ್ತಿಗೆಯಿಂದ ಗೇಣಿಗೊಂದರಂತೆ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಹಿಂಬದಿಯ ಎರಡೂ ಮೂಲೆಗಳು ದಬ್ ಎಂದವು. ಅಲ್ಲಿ ತೆಳ್ಳಗಿನ ಬೈರಿಗೆಯಿಂದ ಒಂದು ತೂತು ಕೊರೆದೆ. ಮರದ ಪುಡಿ ಬರಲಿಲ್ಲ. ಚಹಾದ ಬಣ್ಣದ ನೀರು ಬಂತು, ಹುಳಿ ವಾಸನೆಯದು.

ನೆಲಹಾಸು ಕೊಯ್ದು ತೆಗೆದಾಗ ಕಂಡದ್ದನ್ನು ಆ ನಾಲ್ವರೂ ನಿಂತು ನೋಡಿದರು. ಎಡಗಡೆಯ ಉದ್ದ ತೊಲೆಯಲ್ಲಿ ಮರವೇ ಇರಲಿಲ್ಲ. ಗಾಜಿನ ಹೊದಿಕೆ ಮಾತ್ರ ಹಾವಿನ ಪೊರೆಯಂತೆ ನಿಂತಿತ್ತು, ಒಳಗೆ ಕಪ್ಪು ಮೆತ್ತೆ. ಕೈಯಿಂದ ಬಾಚಿ ತೆಗೆದೆ, ಉಳಿ ಬೇಕಾಗಲಿಲ್ಲ. ತೇಲಲೆಂದು ತುಂಬಿದ್ದ ಫೋಮು ನೀರು ಕುಡಿದು ಭಾರವಾಗಿತ್ತು. ಒಂದು ತುಂಡನ್ನು ಹಿಂಡಿದರೆ ಅಂಗೈ ತುಂಬ ನೀರು. ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಅಡ್ಡಪಟ್ಟಿಗಳ ಬುಡದಲ್ಲಿ ನೀರು ಹರಿದು ಹೋಗಲೆಂದು ಬಿಟ್ಟಿರುವ ಕಂಡಿಗಳನ್ನು ಹಿಂದಿನವರು ರೆಸಿನ್ ಸುರಿದು ಮುಚ್ಚಿದ್ದರು. ಹಿಂಬದಿಗೆ ಹರಿದು ಬರಬೇಕಾದ ನೀರು ಪ್ರತಿ ಅಂಕಣದಲ್ಲೂ ನಿಂತುಕೊಂಡಿತ್ತು. ಅದರ ಮೇಲೆ ಹೊಸ ನೆಲಹಾಸು, ಅದರ ಮೇಲೆ ನೀಲಿ ಬಣ್ಣ. ನಡುನೀರಿನಲ್ಲಿ ಗಾಳಿ ಎದ್ದಾಗ ಆ ಹಿಂಬದಿ ಹಲಗೆ ಕಿತ್ತು ಮೋಟಾರಿನ ಸಮೇತ ಹೋಗಿದ್ದರೆ ಆ ನಾಲ್ಕು ಮನೆಗಳ ಗತಿ ಏನಾಗುತ್ತಿತ್ತು?

ದೋಣಿಯ ಚಿಪ್ಪು ಮಾತ್ರ ಗಟ್ಟಿಯಾಗಿತ್ತು. ಹಾಗಾಗಿ ಮಾರಲು ಬಿಡಲಿಲ್ಲ.

ಈ ಕೆಲಸದಲ್ಲಿ ಎಲ್ಲರೂ ಎಡವುವುದು ಮೊದಲ ದಿನವೇ. ತೊಲೆಗಳನ್ನೆಲ್ಲ ಒಟ್ಟಿಗೆ ಕಿತ್ತರೆ ಚಿಪ್ಪು ತನ್ನ ಭಾರಕ್ಕೆ ತಾನೇ ಸೊಟ್ಟಗಾಗುತ್ತದೆ. ಸೊಟ್ಟಗಿರುವಾಗಲೇ ಹೊಸ ತೊಲೆ ಕೂರಿಸಿದರೆ ಆ ಸೊಟ್ಟು ಶಾಶ್ವತ, ಆಮೇಲೆ ದೋಣಿ ನೀರಿನಲ್ಲಿ ನೇರ ಹೋಗುವುದಿಲ್ಲ. ಆದ್ದರಿಂದ ಮರಳು ಚೀಲ, ಹಳೆಯ ಟೈರುಗಳನ್ನು ಅಡಿಯಲ್ಲಿ ಕೊಟ್ಟು, ಮೂತಿಯಿಂದ ಹಿಂಬದಿಗೆ ದಾರ ಕಟ್ಟಿ, ನೀರಿನ ಟ್ಯೂಬಿನಿಂದ ಎರಡೂ ಅಂಚಿನ ಮಟ್ಟ ಹಿಡಿದು, ಅಳತೆಗಳನ್ನು ಬರೆದುಕೊಂಡ ಮೇಲೆಯೇ ಕೊಯ್ಯಬೇಕು. ಅದೂ ಒಂದು ತೊಲೆ ತೆಗೆದು ಹೊಸದನ್ನು ಕೂರಿಸಿದ ಮೇಲೆ ಇನ್ನೊಂದು.

ಮರಕ್ಕೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮೆರೈನ್ ಪ್ಲೈವುಡ್ಡನ್ನೇ ತರಿಸಿದೆ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅಂಟು ಬಿಡಬಾರದು ಎಂಬುದು ಆ ಗುರುತಿನ ಪರೀಕ್ಷೆ. 12 ಮಿಲಿಮೀಟರಿನ ಎರಡು ಹಲಗೆಗಳನ್ನು ಜೋಡಿಸಿ, ಒಂದರ ಕೂಡು ಇನ್ನೊಂದರ ಕೂಡಿನ ಮೇಲೆ ಬೀಳದಂತೆ ಅಂಟಿಸಿ, ಕೂರಿಸುವ ಮೊದಲೇ ಆರೂ ಮುಖಕ್ಕೆ ರೆಸಿನ್ ಕುಡಿಸಿದೆ. ಹಳೆಯ ಫೈಬರಿನ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನಿನಲ್ಲಿ ಒರೆಸದಿದ್ದರೆ ಹೊಸ ಪದರ ಹಿಡಿಯುವುದಿಲ್ಲ. ಇಂಥ ಹಳೆಯ ಮೈಗೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಖರ್ಚು ಹೆಚ್ಚಾದರೂ ತೊಲೆಗಳಿಗೆ ಅದನ್ನೇ ಬಳಸಿದೆ. ತೊಲೆಯ ಅಂಚು ನೇರವಾಗಿ ಚಿಪ್ಪನ್ನು ಒತ್ತಬಾರದು, ಒತ್ತಿದ ಗೆರೆಯಲ್ಲೇ ಮುಂದೆ ಬಿರುಕು ಬಿಡುತ್ತದೆ. ನಡುವೆ ಎಪಾಕ್ಸಿಯ ಮೆತ್ತೆ ಹಾಸಿ, ಮೂಲೆಯನ್ನು ಹೆಬ್ಬೆರಳಿನಿಂದ ತೀಡಿದಂತೆ ದುಂಡಗೆ ಮಾಡಿ, ನಾರಿನ ಬಟ್ಟೆಯನ್ನು ತೊಲೆಯ ಮೇಲಿನಿಂದ ಇಳಿಸಿ ಚಿಪ್ಪಿನ ಮೇಲೆ ಎರಡೂ ಕಡೆ ನಾಲ್ಕೈದು ಇಂಚು ಹಬ್ಬಿಸಬೇಕು.

ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ನೆಲಹಾಸಿಗೆ ಬಳಸಿದ್ದು ಪಾಲಿಯೆಸ್ಟರ್. ಅದು ಗಟ್ಟಿಯಾಗಲೆಂದು ಹಾಕುವ ಹಾರ್ಡನರ್ ಪ್ರಮಾಣ ನೂರಕ್ಕೆ ಒಂದರಿಂದ ಎರಡು ಭಾಗ. ಏಪ್ರಿಲ್ ತಿಂಗಳ ಹಗಲಿನಲ್ಲಿ ಎರಡು ಭಾಗ ಹಾಕಿದೆನೋ, ಮಗ್ಗಿನಲ್ಲೇ ಬಿಸಿಯಾಗಿ, ಹೊಗೆಯಾಡಿ, ಕಲ್ಲಾಯಿತು. ಆಮೇಲೆ ಬೆಳಗಿನ ಜಾವ ಐದಕ್ಕೆ ಶುರು ಮಾಡಿ ಎಂಟಕ್ಕೆ ನಿಲ್ಲಿಸಿದೆವು, ಒಂದೇ ಭಾಗ ಹಾಕಿದೆವು. ಹಾರ್ಡನರನ್ನೂ, ಅದರ ಕೆಲಸ ಚುರುಕಾಗಲೆಂದು ಹಾಕುವ ಕೋಬಾಲ್ಟ್ ದ್ರಾವಣವನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಮೊದಲು ರೆಸಿನ್ನಿಗೆ ಕೋಬಾಲ್ಟ್, ಅದು ಚೆನ್ನಾಗಿ ಬೆರೆತ ಮೇಲೆ ಹಾರ್ಡನರ್. ನಮ್ಮ ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ಫೈಬರ್ ಉಜ್ಜುತ್ತಾರೆ. ಆ ಧೂಳಿಗೆ ಟವೆಲ್ ಸಾಲದು, ಸರಿಯಾದ ಮಾಸ್ಕ್ ಬೇಕೇ ಬೇಕು.

ಮುಚ್ಚಿದ್ದ ಕಂಡಿಗಳನ್ನು ಮತ್ತೆ ಬಿಟ್ಟು ಅವುಗಳ ಒಳಮೈಗೂ ಎಪಾಕ್ಸಿ ಬಳಿದೆ. ಸ್ಕ್ರೂ ಬರುವಲ್ಲೆಲ್ಲ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದೆ. ಈಗ ಸ್ಕ್ರೂ ಸಡಿಲವಾದರೂ ನೀರು ಮರ ಮುಟ್ಟುವುದಿಲ್ಲ. ಒಟ್ಟು ಇಪ್ಪತ್ತಾರು ದಿನ ಹಿಡಿಯಿತು. ಹೊಸ ದೋಣಿಯ ಬೆಲೆಯ ಮೂರನೆಯ ಒಂದು ಪಾಲೂ ಖರ್ಚಾಗಲಿಲ್ಲ. ಎರಡು ಮಳೆಗಾಲ ಕಳೆದಿವೆ, ದೋಣಿ ನೀರಿನಲ್ಲಿದೆ.

ಹೊಸ ದೋಣಿ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಸದಕ್ಕೆ ಸಹಾಯಧನ ಕೊಡುವಾಗ ಹಳೆಯದರ ಒಳಗಟ್ಟು ಸರಿಪಡಿಸುವುದಕ್ಕೂ ಒಂದು ಪಾಲು ಇರಲಿ. ಗುಜರಿಗೆ ಹಾಕಿದ ಫೈಬರ್ ಎಲ್ಲಿ ಹೋಗುತ್ತದೆ? ಕಬ್ಬಿಣದಂತೆ ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ, ಮರದಂತೆ ಮಣ್ಣಾಗುವುದಿಲ್ಲ. ದಂಡೆಯಲ್ಲೇ ಒಡೆದು ಚೂರಾಗಿ ಬಿದ್ದಿರುತ್ತದೆ, ಇಲ್ಲವೇ ಯಾರೋ ಬೆಂಕಿ ಹಚ್ಚುತ್ತಾರೆ. ಆ ಕಪ್ಪು ಹೊಗೆಯನ್ನು ನಾನೇ ಕಂಡಿದ್ದೇನೆ. ಮೀನುಗಾರರ ಸಂಘಗಳೇ ಇರಲಿ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ದೋಣಿಗಳ ಮಾಲೀಕರೇ ಇರಲಿ, ಕೆಲಸ ಒಪ್ಪಿಸುವಾಗ ಒಂದು ಷರತ್ತು ಬರೆಸಿಕೊಳ್ಳಲಿ: ಹೊಸ ತೊಲೆ ಕೂರಿಸಿ ನೆಲಹಾಸು ಮುಚ್ಚುವ ಮೊದಲು ದೋಣಿಯವರು ಬಂದು ಒಳಗಡೆ ನೋಡಬೇಕು, ಫೋಟೊ ತೆಗೆದುಕೊಳ್ಳಬೇಕು, ಬಿಲ್ಲು ಆಮೇಲೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ನೀರು ನುಗ್ಗಿದ್ದನ್ನು ಕಂಡ ಊರಿನವರು ನಾವು. ಒಳಗಿನ ಒಂದು ಭಾಗವನ್ನು ನೋಡದೆ ಬಿಡುವುದೆಂದರೆ ಏನು ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬೇಸಿಗೆಯಲ್ಲಿ ಇನ್ನೆರಡು ದೋಣಿಗಳು ನನ್ನ ಕೈಗೆ ಬರಲಿವೆ. ನೆಲಹಾಸು ಕೊಯ್ಯುವ ದಿನ ಕೊಪ್ಪಳ, ಗಂಗಾವತಿ ಕಡೆಯ ಐಟಿಐ ಬೋಧಕರು ತಮ್ಮ ಹುಡುಗರನ್ನು ಕರೆತಂದರೆ ತಟ್ಟಿ ನೋಡುವುದರಿಂದ ಹಿಡಿದು ಎಲ್ಲವನ್ನೂ ತೋರಿಸಿ ಕೊಡುತ್ತೇನೆ. ಬೆಳಿಗ್ಗೆ ಐದಕ್ಕೆ ಬರಬೇಕು.

— ಒಬ್ಬ ಬಡಿಗ, ಹುಲಿಗಿ, ಕೊಪ್ಪಳ ತಾಲ್ಲೂಕು