ಎರಡನೇ ಬೈಪಾಸ್ ಮತ್ತು ನನ್ನ ಷಡ್ಡಕ

ಆತ್ಮೀಯರೇ,

ಕಳೆದ ವಾರದ ತಪಾಸಣೆಯಲ್ಲಿ ವೈದ್ಯರು ಎಕೋ ನೋಡಿ, ಎದೆಮೂಳೆಯನ್ನು ಒತ್ತಿ ಪರೀಕ್ಷಿಸಿ, ಇನ್ನು ತೋಟದಲ್ಲಿ ಓಡಾಡಬಹುದು ಎಂದರು. ಬಾಕಿ ಉಳಿದಿದ್ದ ಈ ಪತ್ರವನ್ನು ಇನ್ನು ಮುಂದೂಡುವುದು ಸರಿಯಲ್ಲ. ನನ್ನ ಹೃದಯದ ಎರಡನೇ ಬೈಪಾಸ್ ಆಪರೇಷನ್ನಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಚಿಕ್ಕಮಗಳೂರಿನಲ್ಲಿ ನನ್ನ ಆಂಜಿಯೋಗ್ರಾಮ್ ವರದಿ ನನಗಿಂತ ಮೊದಲೇ ತಿಳಿದಿದ್ದವರೂ ಇದ್ದಾರೆ.

"ಎರಡನೇ ಸಲ ಎದೆ ಕೊಯ್ಯಿಸಿಕೊಳ್ಳುವ ಬದಲು ಸ್ಟೆಂಟ್ ಹಾಕಿಸಬಹುದಿತ್ತಲ್ಲ" ಎಂದು ಕೇಳಿದವರಿಗೆ ಮಾತ್ರ ಒಂದಿಷ್ಟು ವಿವರ. ಸ್ಟೆಂಟ್ ಎಂದರೆ ಎದೆ ತೆರೆಯದೆಯೇ ರಕ್ತನಾಳದೊಳಗೆ ಕೂರಿಸಿ ಅದನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ. 2006ರಲ್ಲಿ ನನ್ನ ಮೊದಲ ಬೈಪಾಸ್ ತುರ್ತಾಗಿ ನಡೆದಿತ್ತು. ಹೃದಯದ ಕಟ್ಟಿಕೊಂಡ ರಕ್ತನಾಳಗಳನ್ನು ಬಳಸಿಕೊಂಡು ರಕ್ತ ಹರಿಯುವಂತೆ ಕಾಲಿನ ಸಿರೆಗಳನ್ನಷ್ಟೇ ತೆಗೆದು ಜೋಡಿಸಿದ್ದರು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಈ ವಿಧಾನವನ್ನು ರೂಢಿಗೆ ತಂದ ರೆನೆ ಫವಲೋರೊ ಅದಕ್ಕೂ ಮೊದಲು ಅರ್ಜೆಂಟೀನಾದ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದವರು. ಅವರಿಗೂ ಒಂದು ನಮಸ್ಕಾರ. ಆದರೆ ಹೀಗೆ ಜೋಡಿಸಿದ ಸಿರೆಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷದ ಹೊತ್ತಿಗೆ ಮುಚ್ಚಿಹೋಗುತ್ತವೆ ಅಥವಾ ಕಿರಿದಾಗುತ್ತವೆ. ಸಿರೆಯಂತೆಯೇ ಜೋಡಿಸಬಹುದಾದ ಎದೆಗೂಡಿನ ಒಳಗಿನ ಅಪಧಮನಿ ಹಾಗಲ್ಲ, ಹೆಚ್ಚಿನವರಲ್ಲಿ ಆಮೇಲೂ ತೆರೆದೇ ಇರುತ್ತದೆ. ಅದನ್ನು ಮೊದಲೇ ಜೋಡಿಸಿದ್ದು, ಅದರಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಸಾಮಾನ್ಯವಾಗಿ ಸ್ಟೆಂಟಿನಲ್ಲೇ ಮುಗಿಸುತ್ತಾರೆ. ನನ್ನದು ಬಳಕೆಯಾಗದೆ ಉಳಿದಿತ್ತು, ಸಿರೆಗಳೆಲ್ಲ ಕೆಟ್ಟಿದ್ದವು. ಅದಕ್ಕಾಗಿ ಎರಡನೇ ಬೈಪಾಸ್.

ಇನ್ನು ನನ್ನ ಷಡ್ಡಕರ ವಿಚಾರ. ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಮಾತು ಕಡಿಮೆ. ಬಂದವರೆಲ್ಲ "ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎನ್ನುತ್ತಿದ್ದಾಗ ಇವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರ ಎದುರು ಕುಳಿತು, ಜೇಬಿನ ಪುಸ್ತಕ ತೆರೆದು, "ಸರ್, ನೂರು ಜನರಲ್ಲಿ ಎಷ್ಟು ಜನ ಮನೆಗೆ ಹೋಗುವುದಿಲ್ಲ?" ಎಂದು ಕೇಳಿಬಿಟ್ಟರು. ನನ್ನ ಹೆಂಡತಿ ತಲೆ ತಗ್ಗಿಸಿದಳು. ವೈದ್ಯರು ಬೇಸರಿಸಿಕೊಳ್ಳಲಿಲ್ಲ. ಮೊದಲ ಸಲವಾದರೆ ಒಬ್ಬರೋ ಇಬ್ಬರೋ, ಎರಡನೇ ಸಲ ಅಪಾಯ ಅದರ ಎರಡರಿಂದ ನಾಲ್ಕು ಪಟ್ಟು ಎಂದರು. ಹೃದಯ ಎದೆಮೂಳೆಯ ಹಿಂಭಾಗಕ್ಕೆ ಅಂಟಿಕೊಂಡಿರಬಹುದು, ಮೂಳೆ ಕೊಯ್ಯುವಾಗಲೇ ಅದೂ ಸೀಳಿಹೋಗಬಹುದು. ಅದಕ್ಕಾಗಿ ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆ, ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರವನ್ನು ತೊಡೆಸಂದಿಯ ರಕ್ತನಾಳಗಳಿಗೆ ಜೋಡಿಸಲು ಸಿದ್ಧವಾಗಿರುತ್ತಾರೆ. ಆಮೇಲೆ ರಕ್ತಸ್ರಾವ ನಿಲ್ಲದೆ ಮತ್ತೆ ತೆರೆಯಬೇಕಾಗಬಹುದು. ಎಲ್ಲವನ್ನೂ ಬರೆದುಕೊಂಡರು. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಅಣ್ಣಾ, ಹೊಸ ಎಂಜಿನ್ ಬಿಚ್ಚುವುದು ಬೇರೆ, ಒಮ್ಮೆ ಬಿಚ್ಚಿ ಕಟ್ಟಿದ್ದನ್ನು ಬಿಚ್ಚುವುದು ಬೇರೆ. ಆದರೂ ಬಿಚ್ಚಲೇಬೇಕು."

ಕೊನೆಯದಾಗಿ ಬರೆದುಕೊಂಡಿದ್ದೇ ನಡೆಯಿತು. ಆಪರೇಷನ್ ಆದ ರಾತ್ರಿ ಎದೆಗೆ ಹಾಕಿದ್ದ ಕೊಳವೆಗಳಲ್ಲಿ ರಕ್ತ ಬರುವುದು ನಿಲ್ಲಲಿಲ್ಲ. ನಡುರಾತ್ರಿ ಮತ್ತೆ ಥಿಯೇಟರಿಗೆ ಒಯ್ದರು. ನನಗೆ ಪ್ರಜ್ಞೆಯಿರಲಿಲ್ಲ, ಇದು ಹೆಂಡತಿ ಹೇಳಿದ್ದು. ಸಹಿಗೆ ಕಾಗದ ತಂದಾಗ ಷಡ್ಡಕರು "ಸುಮ್ಮನೆ ಹಾಕಿ" ಎನ್ನಲಿಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು, ಪುಸ್ತಕ ತೆಗೆದು ವೈದ್ಯರು ಇದನ್ನು ಅಂದೇ ಹೇಳಿದ್ದರೆಂದು ತೋರಿಸಿದರು, ಆಮೇಲೆ ಪೆನ್ನು ಕೊಟ್ಟರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಾಸನದ ಹುಡುಗರನ್ನು ಫೋನಿನಲ್ಲೇ ಎಬ್ಬಿಸಿ ರಕ್ತ ಕೊಡಲು ಕರೆಸಿದರು. ಬೆಳಗಿನವರೆಗೂ ಆ ಬಾಗಿಲಿನ ಮುಂದಿನಿಂದ ಏಳಲಿಲ್ಲ. ಒಮ್ಮೆಯೂ "ಏನೂ ಆಗುವುದಿಲ್ಲ" ಎನ್ನಲಿಲ್ಲವಂತೆ. "ಅದಕ್ಕೇ ನನಗೆ ಕೈಕಾಲು ನಡುಗಲಿಲ್ಲ" ಎನ್ನುತ್ತಾಳೆ ಇವಳು.

ಅವರು ಹೇಳಿದ ಸುಳ್ಳು ಒಂದೇ. ಐಸಿಯುನಲ್ಲಿ ಭ್ರಮೆ ಹಿಡಿದು, ಕಣದಲ್ಲಿ ಹರಡಿದ ಕಾಫಿ ಮಳೆಗೆ ನೆನೆಯುತ್ತಿದೆ, ಯಾರೂ ಟಾರ್ಪಾಲು ಹೊದಿಸುತ್ತಿಲ್ಲ ಎಂದು ನಾನು ಕೂಗಾಡಿದೆನಂತೆ. "ಹೊದಿಸಿದ್ದೇನೆ ಅಣ್ಣಾ, ಮಲಗಿ" ಎಂದರಂತೆ.

ಮನೆಗೆ ಬಂದ ಮೇಲಿನದನ್ನು ಬರೆಯಬೇಕೋ ಬೇಡವೋ. ಕಾರಣವಿಲ್ಲದೆ ಅಳು ಬರುತ್ತಿತ್ತು. ಕೆಮ್ಮಿದರೆ ಎದೆ ಸೀಳಿದಂತಾಗುತ್ತಿತ್ತು, ನೀರಿನ ಬಿಂದಿಗೆ ಎತ್ತುವಂತಿರಲಿಲ್ಲ. ಆ ರಾತ್ರಿಯೇ ಮುಗಿದಿದ್ದರೆ ಚೆನ್ನಾಗಿತ್ತು ಎಂದು ಒಂದು ದಿನ ಇವಳ ಎದುರಿಗೇ ಅಂದೆ. ಅವಳು ಏನೂ ಅನ್ನಲಿಲ್ಲ, ಹಾಸನಕ್ಕೆ ಫೋನು ಮಾಡಿದಳು. ಮಧ್ಯಾಹ್ನದ ಬಸ್ಸಿಗೆ ಷಡ್ಡಕರು ಬಂದರು. ಬೈಪಾಸ್ ಆದವರಲ್ಲಿ ಈ ಮಂಕು ಅನೇಕರಿಗೆ ಬರುತ್ತದೆ ಎಂಬುದೂ ಆ ಪುಸ್ತಕದಲ್ಲಿತ್ತು. ಮರುದಿನವೇ ವೈದ್ಯರಿಗೆ ತಿಳಿಸಿ ಮಾತ್ರೆ ಬರೆಸಿದರು. ಈಗ ಅಂಥ ಯೋಚನೆಯಿಲ್ಲ. ಊಟ, ನಿದ್ದೆ, ನಡಿಗೆ ಎಲ್ಲವೂ ಹದಕ್ಕೆ ಬಂದಿವೆ.

ಶಸ್ತ್ರವೈದ್ಯರಿಗೆ, ನನ್ನ ಕೂಗಾಟ ಸಹಿಸಿದ ದಾದಿಯರಿಗೆ, ರಕ್ತ ಕೊಟ್ಟ ಹುಡುಗರಿಗೆ, ರಜೆ ಹಾಕಿ ಬಂದ ಮಗ ಸೊಸೆಗೆ, ಅರೇಬಿಕಾ ಕೊಯ್ಲನ್ನು ಒಂದು ಹಣ್ಣೂ ಉದುರದಂತೆ ಮುಗಿಸಿದ ತೋಟದ ಲೆಕ್ಕಪತ್ರ ನೋಡುವ ರೈಟರ್ ಮತ್ತು ಆಳುಗಳಿಗೆ, ಬೇಲೂರು ಚೆನ್ನಕೇಶವನಿಗೆ ಹರಕೆ ಹೊತ್ತವರಿಗೆ ಋಣಿಯಾಗಿದ್ದೇನೆ.

ಷಡ್ಡಕರು ಮೊಬೈಲಿನಲ್ಲಿ ಇಂಥದ್ದನ್ನು ಓದುವವರಲ್ಲ, ಯಾರಾದರೂ ತೋರಿಸಿದರೆ ನನಗೆ ಬೈಗುಳ ಖಂಡಿತ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡನೇ ಬೈಪಾಸ್ ಹೇಳಿದ್ದರೆ, ವೈದ್ಯರನ್ನು ಏನೇನು ಕೇಳಬೇಕು ಎಂಬ ಅವರ ಪಟ್ಟಿಯ ಪ್ರತಿ ನನ್ನ ಬಳಿ ಇದೆ. ಅಕ್ಷರ ಅವರಿಗೆ ಮತ್ತು ನನಗೆ ಮಾತ್ರ ಅರ್ಥವಾಗುವಂಥದ್ದು, ಹಾಗಾಗಿ ಫೋನು ಮಾಡಿ, ಓದಿ ಹೇಳುತ್ತೇನೆ. ಮಧ್ಯಾಹ್ನ ಮಲಗಿರುತ್ತೇನೆ, ನಾಲ್ಕರ ಮೇಲೆ ಮಾಡಿ.