ವೆಲ್ಷ್ ನೋಟಿಸ್ ಕೇಳಿದವರೇ ಹೆಚ್ಚು ದಂಡ ಕಟ್ಟಬೇಕೇ?

ಮಾನ್ಯ ಸಂಪಾದಕರೇ,

ವೇಲ್ಸ್‌ನ ಖಾಸಗಿ ಪಾರ್ಕಿಂಗ್ ಕಂಪನಿ ದಂಡದ ನೋಟಿಸನ್ನು ಅಲ್ಲಿನ ಸ್ವಂತ ಭಾಷೆಯಾದ ವೆಲ್ಷ್‌ನಲ್ಲಿ ಕೊಡದೆ ಇಂಗ್ಲಿಷ್‌ನಲ್ಲಿ ಮಾತ್ರ ಕೊಟ್ಟ ಬಗ್ಗೆ ನಿನ್ನೆ ಬಂದ ಸುದ್ದಿಗೆ ‘ಕಾನೂನು ಉಲ್ಲಂಘನೆ’ ಎಂದು ತಲೆಬರಹ ಕೊಟ್ಟಿದ್ದೀರಿ. ಉಲ್ಲಂಘಿಸಲು ಇಂಥ ಕಂಪನಿಗಳಿಗೆ ಅಲ್ಲಿ ಭಾಷಾ ಕಾನೂನೇ ಇಲ್ಲ. ಸಿಟ್ಟು ಬರುವುದೇ ಅದಕ್ಕೆ.

2011ರ ಭಾಷಾ ಕಾನೂನು ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟು, ಅದರ ಪಾಲನೆ ನೋಡಿಕೊಳ್ಳುವ ಭಾಷಾ ಆಯುಕ್ತರ ಹುದ್ದೆಯನ್ನೂ ಸೃಷ್ಟಿಸಿತು. ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ವೆಲ್ಷ್‌ನಲ್ಲಿ ಬರೆದ ಪತ್ರಕ್ಕೆ ವೆಲ್ಷ್‌ನಲ್ಲೇ ಉತ್ತರ ಬರಬೇಕು. ಅದು ಹಾಕುವ ಹೊಸ ಫಲಕದಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ವೆಲ್ಷ್. ಆದರೆ ಖಾಸಗಿಯವರಲ್ಲಿ ಈ ಕಾನೂನಿನ ವ್ಯಾಪ್ತಿಗೆ ತರಬಹುದಾದದ್ದು ನೀರು, ವಿದ್ಯುತ್, ದೂರವಾಣಿ, ಬಸ್ಸು, ರೈಲಿನಂಥ ಕೆಲವು ಸೇವೆಗಳನ್ನು ಮಾತ್ರ. ಬ್ಯಾಂಕು, ಸೂಪರ್‌ಮಾರ್ಕೆಟ್ಟು, ಅದರ ಮುಂದಿನ ಪಾರ್ಕಿಂಗ್ ಜಾಗ ಹೊರಗೇ ಉಳಿದಿವೆ. ಒಂದೇ ಬೀದಿಯಲ್ಲಿ ಕೌನ್ಸಿಲ್ ಪಾರ್ಕಿಂಗ್‌ಗೆ ಎರಡು ಭಾಷೆ, ಪಕ್ಕದ ಖಾಸಗಿ ಪಾರ್ಕಿಂಗ್‌ಗೆ ಒಂದೇ!

ವೆಲ್ಷ್ ಪ್ರತಿ ಕೇಳಿದವರ ಪಾಡು ನೋಡಿ. 14 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಸಾಮಾನ್ಯವಾಗಿ 40% ಕಡಿತ. ತಕರಾರು ಸಲ್ಲಿಸಲು 28 ದಿನ. ಅನುವಾದ ಬರಲಿ ಬಿಡಲಿ, ದಿನದ ಲೆಕ್ಕ ಮಾತ್ರ ನಿಲ್ಲುವುದಿಲ್ಲ. ಪತ್ರ, ಜ್ಞಾಪನ ಪತ್ರ ಎಂದು ಓಡಾಡುವಷ್ಟರಲ್ಲಿ ಕಡಿತದ ಅವಧಿ ಮುಗಿಯುತ್ತದೆ. ಪೂರ್ತಿ ದಂಡ ತಲೆಗೆ ಬೀಳುತ್ತದೆ, ಮೇಲೆ ವಸೂಲಿಯವರ ಬೆದರಿಕೆ. ಭಾಷೆ ಕೇಳಿದ್ದಕ್ಕೆ ಇದು ತೆರಿಗೆಯೇ ಸರಿ.

ಲಾನ್‌ಗೆನೆಕ್ ಊರಿನ ಟ್ರೆವರ್ ಮತ್ತು ಐಲೀನ್ ಬೀಸ್ಲಿ ದಂಪತಿ 1952ರಲ್ಲಿ ವೆಲ್ಷ್‌ನಲ್ಲಿ ಮನೆ ತೆರಿಗೆ ಬಿಲ್ಲು ಕೇಳಿದರು. ಅದು ಸಿಕ್ಕಿದ್ದು 1960ರಲ್ಲಿ. ಅಷ್ಟರೊಳಗೆ ಜಪ್ತಿಗೆ ಬಂದವರು ಅವರ ಮನೆಯ ಸಾಮಾನುಗಳನ್ನೇ ಹೊತ್ತೊಯ್ದಿದ್ದರು. ಅಧಿಕಾರಿಗಳ ‘ಇಂಗ್ಲಿಷ್ ಗೊತ್ತಲ್ಲ, ಮತ್ಯಾಕೆ?’ ಎಂಬ ಧೋರಣೆ ಆಗಲೂ ಇತ್ತು, ಈಗಲೂ ಇದೆ.

ಕಾನೂನು ಇರುವಲ್ಲಾದರೂ ಹಿಡಿತ ಇದೆಯೇ? ನಿಯಮ ಮುರಿದ ಸಂಸ್ಥೆಗೆ ಆಯುಕ್ತರು ಹಾಕಬಹುದಾದ ದಂಡ ಅತಿ ಹೆಚ್ಚೆಂದರೆ 5,000 ಪೌಂಡ್. ಅದರ ಮೇಲೂ ನ್ಯಾಯಮಂಡಳಿಗೆ ಮೇಲ್ಮನವಿ. ಲಂಡನ್ನಿನ ಸರ್ಕಾರಿ ಇಲಾಖೆಗಳು ಇನ್ನೂ 1993ರ ಕಾಯ್ದೆಯಡಿ ರೂಪಿಸಿದ ವೆಲ್ಷ್ ಬಳಕೆಯ ಹಳೆಯ ಯೋಜನೆಗಳಲ್ಲೇ ದಿನ ದೂಡುತ್ತಿವೆ. 2050ರೊಳಗೆ 10 ಲಕ್ಷ ವೆಲ್ಷ್ ಭಾಷಿಕರು ಎಂಬುದು ವೇಲ್ಸ್ ಸರ್ಕಾರದ ಗುರಿ. 2021ರ ಜನಗಣತಿಯಲ್ಲಿ ಸಿಕ್ಕಿದ್ದು 5.38 ಲಕ್ಷ, 2011ಕ್ಕಿಂತ ಕಡಿಮೆ.

ವೇಲ್ಸ್ ಸರ್ಕಾರ ಬ್ಯಾಂಕು, ಅಂಗಡಿ, ಪಾರ್ಕಿಂಗ್ ಎಲ್ಲವನ್ನೂ ಕಾನೂನಿನೊಳಗೆ ತರಲಿ. ಅದಕ್ಕೂ ಮೊದಲು ಈಗಿನ ಕಾನೂನು ಕೊಟ್ಟ ಅಧಿಕಾರವನ್ನು ಬಳಸಲಿ. ತಾವೂ ತಲೆಬರಹ ತಿದ್ದಿ. ಇಲ್ಲದ ಕಾನೂನನ್ನು ಇದೆ ಎಂದು ಅಚ್ಚು ಹಾಕಿದರೆ, ಅದನ್ನು ಮಾಡದೆ ಕುಳಿತವರನ್ನು ಕೇಳುವವರು ಯಾರು?

– ಓದುಗ, ಕಾರ್ಡಿಫ್