ಡಾಂಗ್‌ಝಿ ಊಟಕ್ಕೆ ಕರೆದರೆ ಹೋಗು, ಪುಟ್ಟಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಆಫೀಸಿನ ಗೆಳತಿಯೊಬ್ಬಳು ನಿನ್ನನ್ನು ಡಾಂಗ್‌ಝಿ, ಅಂದರೆ ವರ್ಷದ ಅತಿ ಚಿಕ್ಕ ಹಗಲಿಗೆ ಚೀನಾದವರು ಮಾಡುವ ಹಬ್ಬದ, ಊಟಕ್ಕೆ ಮನೆಗೆ ಕರೆದಿದ್ದಾಳಂತೆ. ಮಾಂಸ ಇರುತ್ತದೆ, ಭಾಷೆ ಬರುವುದಿಲ್ಲ, ಸುಮ್ನೆ ರೂಮಿನಲ್ಲೇ ಅನ್ನ ಸಾರು ಮಾಡಿಕೊಳ್ಳುತ್ತೇನೆ ಅಂದೆಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹಾಗೆ ಮಾಡಬೇಡ ಮಗಳೇ. ಹೋಗು.

ನೀನೀಗ ಇರುವ ಸುಝೌನಲ್ಲೇ ನಾವೂ ಇದ್ದಾಗ ಆ ರಾತ್ರಿಯನ್ನು ಹತ್ತಿರದಿಂದ ನೋಡಿದ್ದೇನೆ. ಚೀನಾದ ಉತ್ತರದ ಊರುಗಳಲ್ಲಿ ಚಳಿಗಾಲದ ಈ ದಿನಕ್ಕೆ ಜಿಯಾವೋಜಿ, ಅಂದರೆ ಹೂರಣ ತುಂಬಿದ ಹಿಟ್ಟಿನ ಕಡುಬು, ತಿನ್ನುವುದೇ ಮುಖ್ಯ. ಸುಝೌನವರಿಗೆ ಅಷ್ಟು ಸಾಲದು. 'ಡಾಂಗ್‌ಝಿ ಹೊಸ ವರ್ಷದಷ್ಟೇ ದೊಡ್ಡದು' ಅನ್ನುತ್ತಾರೆ. ಹಳೆಯ ಝೌ ರಾಜಮನೆತನದ ಕಾಲದಲ್ಲಿ ಈ ತಿಂಗಳಿಂದಲೇ ವರ್ಷ ಶುರುವಾಗುತ್ತಿತ್ತು, ಆ ಮನೆತನದ ತೈಬೋ ಸುಝೌ ಕಡೆಗೆ ಬಂದು ವೂ ರಾಜ್ಯ ಕಟ್ಟಿದ, ರೂಢಿಯೂ ಅವನ ಜೊತೆಗೇ ಬಂತು ಅನ್ನುವುದು ಅವರ ನಂಬಿಕೆ. ಹೊಸ ವರ್ಷದ ಊಟಕ್ಕೆ ಹೊರಗಿನವರನ್ನು ಯಾರು ಕರೆಯುತ್ತಾರೆ ಹೇಳು? ನಿನ್ನನ್ನು ಕರೆದಿದ್ದಾರೆ.

ಒಂದು ವಿಷಯ ನೆನಪಿಡು. ಡಾಂಗ್‌ಝಿ ಬರುವುದು ಡಿಸೆಂಬರ್ 21 ಅಥವಾ 22ಕ್ಕೆ, ಆದರೆ ಅಲ್ಲಿ ದೊಡ್ಡ ಊಟ ಅದರ ಹಿಂದಿನ ರಾತ್ರಿ. ಯಾವತ್ತು ಬರಬೇಕು ಅಂತ ಸರಿಯಾಗಿ ಕೇಳಿಕೋ.

ಮನೆಗೆ ಹೋದ ಕೂಡಲೇ ಕುರ್ಚಿ ಎಳೆದು ಕೂರಬೇಡ. ಕೆಲವು ಮನೆಗಳಲ್ಲಿ ಮೊದಲು ಹಿರಿಯರಿಗೆ ಎಡೆ ಇಡುತ್ತಾರೆ. ಊರಿಗೆ ಬರಲಾಗದ ಮಗನಿಗೋ ಮಗಳಿಗೋ ಒಂದು ಬಟ್ಟಲು, ಒಂದು ಜೊತೆ ಊಟದ ಕಡ್ಡಿ ಇಡುವುದೂ ಉಂಟು. ಆ ಜಾಗ ನಿನ್ನದಲ್ಲ. ಅಜ್ಜಿ ಎಲ್ಲಿ ತೋರಿಸುತ್ತಾರೋ ಅಲ್ಲಿ ಕೂರು.

ಈಗ ಊಟದ ಮಾತು. ಕುರಿ ಮಾಂಸದ ಸಾರು, ಮೀನು, ಕೋಳಿ ಎಲ್ಲಾ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಮೇಜಿನ ಮೇಲೆ ಪ್ರತಿ ಪದಾರ್ಥಕ್ಕೂ ಒಂದು ಶುಭದ ಹೆಸರಿದೆ. ಮೊಳಕೆ ಬಂದ ಸೋಯಾ ಕಾಳಿನ ಪಲ್ಯ ತಿಂದರೆ ಅಂದುಕೊಂಡಿದ್ದು ಆಗುತ್ತದೆ, ಹಸಿರು ಸೊಪ್ಪು ತಿಂದರೆ ನೆಮ್ಮದಿ, ಶಾವಿಗೆಯಂಥ ಫೆನ್‌ಸಿ ಅಂದರೆ ಚಿನ್ನದ ಸರ. ಮಾಂಸ ಮುಟ್ಟದೆಯೂ ಇಷ್ಟೆಲ್ಲಾ ಶುಭ ನಿನ್ನ ಬಟ್ಟಲಿಗೆ ಬರುತ್ತದೆ ಅಲ್ವಾ! ನಾನು ಮಾಂಸ ತಿನ್ನುವುದಿಲ್ಲ ಅಂತ ಎರಡು ದಿನ ಮೊದಲೇ ಹೇಳಿಬಿಡು. ಊಟಕ್ಕೆ ಕೂತಾಗ ಹೇಳಿದರೆ ಪಾಪ, ಅಡಿಗೆ ಮಾಡಿದವರು ಮುಜುಗರ ಪಡುತ್ತಾರೆ.

ಅಂಟು ಅಕ್ಕಿ ಹಿಟ್ಟಿನ ಡಾಂಗ್‌ಝಿ ತುವಾನ್ ಕೊಡುತ್ತಾರೆ, ನಮ್ಮ ಮೋದಕದ ಹಾಗೆ ಒಳಗೆ ಹೂರಣ. ಮೂಲಂಗಿ, ಕೆಂಪು ಕಾಳು, ಮಾಂಸ, ಎಲ್ಲಾ ಬಗೆಯದೂ ಉಂಟು. ಸಿಹಿ ಇದೆ ಅಂತ ಬಾಯಿಗೆ ಹಾಕಿಕೊಳ್ಳಬೇಡ. ಕಾಳಿನ ಹೂರಣಕ್ಕೆ ಹಂದಿ ಕೊಬ್ಬು ಸೇರಿಸುವ ಪದ್ಧತಿ ಆ ಊರಿನಲ್ಲಿ ಜಾಸ್ತಿ. ಸಂಕೋಚವಿಲ್ಲದೆ ಕೇಳು.

ಡಾಂಗ್‌ನಿಯಾಂಗ್ ಕೂಡ ಕೊಡುತ್ತಾರೆ. ಅಂಟು ಅಕ್ಕಿ ಹುದುಗಿಸಿ, ಗುಯಿಹುವಾ ಅನ್ನುವ ಘಮಘಮಿಸುವ ಹೂವು ಉದುರಿಸಿದ ಹಳದಿ ಮದ್ಯ. ವರ್ಷಕ್ಕೊಮ್ಮೆ ಈ ದಿನಗಳಲ್ಲೇ ಸಿಗುತ್ತದೆ, ಅದಕ್ಕಾಗಿ ಜನ ಚಳಿಯಲ್ಲಿ ಸಾಲು ನಿಲ್ಲುತ್ತಾರೆ. ತಣ್ಣಗೇ ಕುಡಿಯುತ್ತಾರೆ. ಅಮಲು ಕಡಿಮೆ, ಸಿಹಿ ಹೆಚ್ಚು, ಹಾಗಾಗಿ ಎಷ್ಟು ಕುಡಿದೆ ಅಂತ ಗೊತ್ತಾಗುವುದಿಲ್ಲ. ಬೇಡ ಅನಿಸಿದರೆ ಬೇಡ ಅನ್ನು, ತಪ್ಪು ತಿಳಿಯುವುದಿಲ್ಲ. ಬಾಟಲಿ ಕೊಟ್ಟು ಕಳಿಸಿದರೆ ಬೆಚ್ಚಗಿನ ರೂಮಿನಲ್ಲಿ ಇಡಬೇಡ. ಅದು ಇನ್ನೂ ಹುದುಗುತ್ತಲೇ ಇರುತ್ತದೆ, ಬಾಟಲಿ ಒಡೆಯಬಹುದು. ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸು, ಇಲ್ಲಾ ಯಾರಿಗಾದರೂ ಕೊಡು.

ಹೋಗುವಾಗ ಒಳ್ಳೆಯ ಹಣ್ಣು ತೆಗೆದುಕೊಂಡು ಹೋಗು. ಆ ಮನೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅತ್ತೆ